ಗಾಜು ಮೇಯುವ ಮೀನು

ಹೈದರಾಬಾದಿಗೆ ಸಮುದ್ರವಿಲ್ಲ. ಇದ್ದದ್ದು ಒಂದೇ, ಅದೂ ನಮ್ಮ ಕೂಕಟ್‌ಪಲ್ಲಿಯ ಮನೆಯ ಪಡಸಾಲೆಯಲ್ಲಿ, ಟಿವಿಯ ಪಕ್ಕಕ್ಕೆ. ಅದನ್ನು ತಯಾರಿಸುತ್ತಿದ್ದವರು ನನ್ನ ಗಂಡ. ನೀರಾವರಿ ಇಲಾಖೆಯಲ್ಲಿ ಕಾಲುವೆ, ತೂಬು ಎಂದು ಓಡಾಡಿ ನಿವೃತ್ತರಾದ ಮೇಲೂ ಅವರಿಗೆ ನೀರಿನ ಹುಚ್ಚು ಬಿಡಲಿಲ್ಲ. ಶೋಧಿಸಿದ ನೀರನ್ನು ಬಕೆಟ್ಟಿಗೆ ಹಿಡಿದು, ಪೊಟ್ಟಣದ ಸಮುದ್ರದ ಉಪ್ಪು ಬೆರೆಸಿ, ಉಪ್ಪಿನಂಶ ತೋರಿಸುವ ಒಂದು ಪುಟ್ಟ ದುರ್ಬೀನನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಸಮಾಧಾನವಾದ ಮೇಲೆಯೇ ಗಾಜಿನ ತೊಟ್ಟಿಗೆ ಸುರಿಯುತ್ತಿದ್ದರು. ನಾನು ಮಾಡಿದ ಸಾರಿಗೆ ಉಪ್ಪು ಹೆಚ್ಚೋ ಕಡಿಮೆಯೋ ಎಂದು ಈ ಮನುಷ್ಯ ಒಂದು ದಿನವೂ ಹೇಳಿದವರಲ್ಲ.

ತೊಟ್ಟಿ ದೊಡ್ಡದಲ್ಲ. ನಾಲ್ಕಾರು ಕಲ್ಲು, ಅವುಗಳ ಮೇಲೆ ಬೆರಳುಗಳಂತೆ ಮೇಲೆದ್ದ ಹವಳ, ಬಿಳಿ ಪಟ್ಟಿಯ ಕಿತ್ತಳೆ ಮೀನಿನ ಒಂದು ಜೋಡಿ. ನನಗೇನೂ ಅದರ ಮೇಲೆ ವಿಶೇಷ ಪ್ರೀತಿ ಇರಲಿಲ್ಲ. ಅಂಚಿನಲ್ಲಿ ಉಪ್ಪು ಹೆಪ್ಪುಗಟ್ಟುತ್ತಿತ್ತು, ಒರೆಸುವುದು ನನ್ನ ಪಾಲಿಗೆ ಬರುತ್ತಿತ್ತು. ಆದರೆ ಬೆಳಗ್ಗೆ ಎದ್ದ ಕೂಡಲೇ ಅವರು ಅದರ ಮುಂದೆ ಕುರ್ಚಿ ಹಾಕಿಕೊಂಡು ಕುಳಿತರೆ ಅವರ ಮುಖ ಬೇರೆಯೇ ಆಗುತ್ತಿತ್ತು. ಆ ಮುಖಕ್ಕಾಗಿ ನಾನು ಉಪ್ಪು ಒರೆಸುತ್ತಿದ್ದೆ.

ಆಮೇಲೆ ಅವರ ಬಲಗೈಗೆ ನಡುಕ ಬಂತು. ನರಗಳ ಕಾಯಿಲೆ, ನಿಧಾನವಾಗಿ ಹೆಚ್ಚುತ್ತದೆ, ಔಷಧದಿಂದ ಹತೋಟಿಯಲ್ಲಿಡಬಹುದು ಎಂದರು ಡಾಕ್ಟರು. ನಡುಕಕ್ಕಿಂತ ನಾಚಿಕೆ ಬೇಗ ಹೆಚ್ಚಿತು. ಮೊದಲು ಸಹಿ ಮಾಡುವುದನ್ನು ತಪ್ಪಿಸಿಕೊಳ್ಳತೊಡಗಿದರು. ನಂತರ ಮದುವೆ-ಮುಂಜಿಗಳ ಊಟ ಬಿಟ್ಟರು. ಮನೆಯಲ್ಲೂ ಚಹಾ ಅರ್ಧ ಕಪ್ ಮಾತ್ರ ಹಾಕು ಎನ್ನುತ್ತಿದ್ದರು, ತುಳುಕಿದ್ದು ಕಾಣಬಾರದೆಂದು.

ಗಾಜಿಗೆ ಹತ್ತುವ ಪಾಚಿ ಕೆರೆಯಲು ಅಯಸ್ಕಾಂತದ ಎರಡು ತುಂಡುಗಳಿರುತ್ತವೆ. ಒಂದು ನೀರಿನೊಳಗೆ, ಇನ್ನೊಂದು ಹೊರಗೆ. ಹೊರಗಿನದನ್ನು ಸರಿಸಿದರೆ ಒಳಗಿನದು ಬೆನ್ನು ಹತ್ತಿ ಬರುತ್ತದೆ. ಒಂದು ಬೆಳಗ್ಗೆ ಅವರ ಕೈ ಜೋರಾಗಿ ನಡುಗಿತು. ಒಳಗಿನ ತುಂಡು ಕಳಚಿ ಹವಳದ ಮೇಲೆ ಬಿತ್ತು. ಅವರು ಎಷ್ಟೋ ಕಾಲದಿಂದ ಬೆಳೆಸಿದ್ದ ಒಂದು ಕವಲು ಮುರಿದುಹೋಯಿತು. ನಾನು ಓಡಿ ಬರುವಷ್ಟರಲ್ಲಿ ಅವರು ಒದ್ದೆ ಕೈಯನ್ನು ಲುಂಗಿಯಲ್ಲಿ ಸುತ್ತಿಕೊಂಡು ನಿಂತಿದ್ದರು.

"ಇದನ್ನ ಯಾರಿಗರ ಕೊಟ್ಟಬಿಡೂಣು," ಎಂದರು.

"ಪಾಚಿ ನಾ ಕೆರೀತೀನ್ರಿ. ಅದಕ್ಕೇನಾತು?"

"ಬ್ಯಾಡ. ನನ್ನ ಕೈಲೆ ಆಗಲಿಲ್ಲಂದ್ರ ಮತ್ತೊಬ್ಬರ ಕೈನೂ ಬ್ಯಾಡ ಅದರಾಗ."

ನನಗೆ ನಿಜವಾಗಿ ಹೆದರಿಕೆಯಾಯಿತು. ಸಹಿ ಹೋಯಿತು, ಊಟದ ಪಂಕ್ತಿ ಹೋಯಿತು. ಇದೂ ಹೋದರೆ ಈ ಮನುಷ್ಯ ಬೆಳಗ್ಗೆ ಎದ್ದು ಏನು ಮಾಡಬೇಕು? ಗೋಡೆ ನೋಡುತ್ತ ಕೂರುತ್ತಾರೆ. ಅದಕ್ಕೇ ನಾನು ಹೇಳಿದೆ, "ಯಾರ ಕೈನೂ ಬ್ಯಾಡ್ರಿ. ಪಾಚಿ ತಿನ್ನೂ ಮೀನ ಇರ್ತಾವಂತಲ್ಲ, ಒಂದ ತರೂಣು."

ಅವರು ತಕ್ಷಣ ಹೂಂ ಅನ್ನಲಿಲ್ಲ. ಪಾಚಿ ತಿನ್ನುವ ಬಸವನಹುಳುಗಳನ್ನು ಹಿಂದೆ ತಂದಿದ್ದರು. ಅವು ಅಂಗಾತ ಬಿದ್ದರೆ ತಾವಾಗಿ ಏಳಲಾರವು, ಎತ್ತಲು ಮತ್ತೆ ಕೈಯೇ ಬೇಕು. ಮೀನಾದರೆ ಆ ರಗಳೆ ಇಲ್ಲ ಎಂದು ಮಧ್ಯಾಹ್ನದ ಹೊತ್ತಿಗೆ ತಾವೇ ಒಪ್ಪಿದರು.

ಈ ಸುದ್ದಿ ನಮ್ಮ ಜೊತೆಗೇ ಇದ್ದ ಅತ್ತೆಯ ಕಿವಿಗೆ ಬಿತ್ತು. ಎಂಬತ್ತು ದಾಟಿದ ಹೆಣ್ಣುಮಗಳು, ರಾಯಚೂರಿನಿಂದ ಬಂದು ಈ ಊರಿನಲ್ಲಿ ಅರ್ಧ ಆಯುಷ್ಯ ಕಳೆದರೂ ಹಣೆಯ ವಿಭೂತಿಯಂತೆ ಮಾತನ್ನೂ ಹಾಗೆಯೇ ಉಳಿಸಿಕೊಂಡವರು. ತಮ್ಮ ಫ್ರಿಜ್ಜಿನಲ್ಲಿ ಮೀನಿಗೆ ಹಾಕುವ ಸೀಗಡಿಯ ಪೊಟ್ಟಣ ಇಡಗೊಡುವುದಿಲ್ಲ ಎಂದು ಅವರು ಮೊದಲೇ ಕಟ್ಟಪ್ಪಣೆ ಮಾಡಿದ್ದರು. ಹುಲ್ಲು ತಿನ್ನುವಂಥ ಮೀನು ಬರುತ್ತದೆಂದು ಕೇಳಿ ಖುಷಿಯಾದರು. "ನಮ್ಮ ಮನೀಗೆ ಬರೂದು ನಮ್ಮಂಗ ಉಣ್ಣಬೇಕು," ಎಂದರು. ಹಿಂದೆಯೇ ಮಗನಿಗೊಂದು ಸೂಚನೆ: "ತಮ್ಮಾ, ತಿನ್ನೂದನ್ನ ಕಣ್ಣಾರೆ ನೋಡಿ ತಗೊಂಬಾ. ಬಣ್ಣಾ ನೋಡಿ ಮೋಸ ಹೋಗಬ್ಯಾಡ."

ಇದು ಅವರ ಹಳೆಯ ಪದ್ಧತಿ. ನನ್ನನ್ನು ನೋಡಲು ಬಂದಾಗಲೂ ಹಾಡು ಕೇಳಲಿಲ್ಲ, ನಡೆದು ತೋರಿಸು ಎನ್ನಲಿಲ್ಲ. ಎಲ್ಲರಿಗೂ ಉಪ್ಪಿಟ್ಟು ಕೊಟ್ಟು ನಾನು ಒಳಗೆ ಹೋಗಲು ಹೊರಟರೆ, "ನೀನೂ ಒಂದ ತಾಟ ಹಚ್ಚಿಕೊಂಡ ಬಾ," ಎಂದು ಎದುರಿಗೆ ಕೂರಿಸಿಕೊಂಡು ನಾನು ತಿನ್ನುವುದನ್ನೇ ನೋಡಿದರು. ನನಗೆ ಆ ಹೊತ್ತು ಭಾರಿ ಹಸಿವಾಗಿತ್ತು, ಚೆನ್ನಾಗಿ ತಿಂದೆ. ಸಂಬಂಧ ಕೂಡಿಬಂದದ್ದು ಹಾಗೆ.

ಮೆಹದಿಪಟ್ಟಣಂ ಕಡೆಯ ಒಂದು ಓಣಿಯಲ್ಲಿ ಸಮುದ್ರದ ಮೀನು ಮಾರುವ ಅಂಗಡಿಯಿತ್ತು. ಅಂಗಡಿಯವನು ಮೊದಲು ತೋರಿಸಿದ್ದು ಅರಿಶಿನ ಬಣ್ಣದ ಸರ್ಜನ್ ಮೀನು. ಕಣ್ಣಿಗೆ ಹಬ್ಬ. "ಯೇ ಲೇಲೋ ಸಾಬ್, ಪೂರಾ ಸಾಫ್ ಕರ್ದೇತಾ," ಎಂದ, ಪಾಚಿಯನ್ನೆಲ್ಲ ಅದೇ ಸ್ವಚ್ಛ ಮಾಡಿಬಿಡುತ್ತದಂತೆ. ನಾನು ಆಗಲೇ ತಲೆಯಾಡಿಸಿದ್ದೆ. ಇವರು ಮಾತ್ರ ಒಪ್ಪಲಿಲ್ಲ. ಅದು ಅಂಗೈಗಿಂತ ದೊಡ್ಡದಾಗಿ ಬೆಳೆಯುತ್ತದಂತೆ, ದಿನವಿಡೀ ಈಜಲು ಉದ್ದ ಜಾಗ ಬೇಕಂತೆ. ನಮ್ಮ ತೊಟ್ಟಿಯಲ್ಲಿ ಅದು ಗಾಜಿಗೆ ಮೂತಿ ಬಡಿಯುತ್ತ ತಿರುಗಬೇಕಾಗುತ್ತದೆ ಎಂದರು. ಎರಡನೆಯದು ಮೊಲದಂಥ ಮೂತಿಯ ಮೀನು. ಅದೂ ದೊಡ್ಡದಾಗುವ ಜಾತಿ, ಸಾಲದ್ದಕ್ಕೆ ಬೆನ್ನಿನ ಮುಳ್ಳಿನಲ್ಲಿ ವಿಷ. ಇವರು ತಮ್ಮ ಕೈಯನ್ನೊಮ್ಮೆ ನೋಡಿಕೊಂಡು ಮುಂದೆ ಸರಿದರು.

ಮೂರನೆಯದನ್ನು ಅಂಗಡಿಯವನು ತೋರಿಸಲೇ ಇಲ್ಲ, ಇವರೇ ಹುಡುಕಿದರು. ಮೂಲೆಯ ಕಲ್ಲಿನ ಮೇಲೆ, ಎರಡು ರೆಕ್ಕೆಗಳನ್ನು ಮೊಣಕೈಯಂತೆ ಊರಿಕೊಂಡು ಕೂತಿತ್ತು. ಮಣ್ಣಿನ ಬಣ್ಣ, ದಪ್ಪ ತುಟಿ, ಒಂದು ಕಣ್ಣು ಇತ್ತ ನೋಡಿದರೆ ಇನ್ನೊಂದು ಅತ್ತ. ಬ್ಲೆನ್ನಿ ಅಂತ ಹೆಸರು. "ಅಯ್ಯ, ಇದೆಂಥಾ ಅವತಾರರಿ!" ಎಂದೆ. ಬೆರಳುದ್ದದ ಮೀನು, ಸಣ್ಣ ಜಾಗದಲ್ಲೇ ಸಂಸಾರ ನಡೆಸುತ್ತದೆ, ಹವಳದ ತಂಟೆಗೆ ಹೋಗುವುದು ಅಪರೂಪ, ಹೊಟ್ಟೆ ದುಂಡಗಿದೆ ಎಂದು ಇವರು ಗುಣಗಾನ ಶುರುಮಾಡಿದರು. ಆದರೂ ತಾಯಿಯ ಮಾತು ಮೀರುವ ಮಗನಲ್ಲ. ಅದು ತಿನ್ನುವವರೆಗೆ ಇವರು ಅಲ್ಲಿಂದ ಅಲ್ಲಾಡಲಿಲ್ಲ. ನನ್ನ ಕಾಲು ಸೋತವು. ಅಂಗಡಿಯವನು ಬೇರೆ ಗಿರಾಕಿಗಳನ್ನು ಮುಗಿಸಿ ಬಂದ. ಕೊನೆಗೆ ಅದು ಎದ್ದು ಗಾಜಿಗೆ ಬಾಯಿ ಒತ್ತಿ ಕೆರೆಯಿತು. ಪಾಚಿಯಲ್ಲಿ ತುಟಿಯಾಕಾರದ ಒಂದು ಸ್ವಚ್ಛ ಗುರುತು ಉಳಿಯಿತು. "ಉಪ್ಪಿಟ್ಟು ತಿಂತು ನೋಡ್ರಿ, ನಡೀರಿ ಇನ್ನ," ಎಂದೆ.

ಆ ಮಳೆಗಾಲ ನಮ್ಮ ಮನೆಗೆ ನಗು ಬಂತು. ಎದುರಿನ ಗಾಜಿನ ತುಂಬ ಮುತ್ತಿಟ್ಟ ಗುರುತುಗಳು. ಅವರು ಬೆಳಗಿನ ಕುರ್ಚಿಗೆ ಮರಳಿದರು, ತೊಟ್ಟಿ ಕೊಟ್ಟುಬಿಡುವ ಮಾತು ನಿಂತಿತು. ಹಿಂಬದಿಯ ಗಾಜನ್ನು ಮಾತ್ರ ಅವರು ಬೇಕೆಂದೇ ಹಸಿರಾಗಿ ಬಿಟ್ಟಿದ್ದರು. ಅದು ಮೀನಿನ ಹೊಲ, ಅಲ್ಲಿ ಮೇಯುತ್ತದೆ ಎನ್ನುತ್ತಿದ್ದರು.

ನವರಾತ್ರಿ ಬಂತು. ದೇವರ ಮುಂದೆ ಘಟ ಕೂರಿಸುವ ಮೊದಲು ನಮ್ಮಲ್ಲಿ ಹಾಸಿಗೆ ಹೊದಿಕೆಯಿಂದ ಹಿಡಿದು ಬಾಗಿಲ ಚಿಲಕದವರೆಗೆ ಎಲ್ಲ ತೊಳೆದಾಗಬೇಕು. ಒಂದು ಮೂಲೆ ಬಿಟ್ಟರೂ ಅತ್ತೆಗೆ ಊಟ ಸೇರುವುದಿಲ್ಲ. ನಾವಿಬ್ಬರೂ ಡಾಕ್ಟರ ಬಳಿ ಹೋಗಿ ಬರುವಷ್ಟರಲ್ಲಿ ಅವರ ಕಣ್ಣು ಆ ಹಸಿರು ಗಾಜಿನ ಮೇಲೆ ಬಿದ್ದಿತ್ತು. ಜೇಡರ ಬಲೆ ತೆಗೆಯುವ ಕೋಲಿಗೆ ಒಣಗಿದ ಹೀರೇಕಾಯಿಯ ನಾರು ಕಟ್ಟಿ, ಹಿಂದಿನ ಗಾಜನ್ನೂ ಕಲ್ಲುಗಳನ್ನೂ ಉಜ್ಜಿ ಉಜ್ಜಿ ಇಟ್ಟಿದ್ದರು. ಪುಣ್ಯಕ್ಕೆ ಸೋಪು ಹಾಕಿರಲಿಲ್ಲ.

"ನೋಡ ತಮ್ಮಾ, ಹ್ಯಾಂಗ ಫಳಫಳ ಅಂತೈತಿ!" ಎಂದು ಹೆಮ್ಮೆಯಿಂದ ತೋರಿಸಿದರು. ಆ ವಯಸ್ಸಿನ ತಾಯಿ, ಬೆವರಿದ ಮುಖ. ಮಗ ಏನು ಹೇಳಿಯಾನು? "ಭಾಳ ಚಂದ ಆಗೇತಿ ಅವ್ವಾ," ಎಂದರು.

ಮೀನು ಸ್ವಚ್ಛ ಗಾಜಿಗೆ ಬಾಯಿ ಒತ್ತಿ ಒತ್ತಿ ನೋಡಿ ಸುಮ್ಮನಾಯಿತು. ಘಟದಲ್ಲಿ ಬಿತ್ತಿದ ಕಾಳು ಮೊಳಕೆಯೊಡೆದು ಮೇಲೇಳುವ ಹೊತ್ತಿಗೆ ಅದರ ದುಂಡು ಹೊಟ್ಟೆ ಒಳಗೆ ಸೇರಿತ್ತು. ಪಾಚಿ ಮತ್ತೆ ಬೆಳೆಯುತ್ತದೆ, ಆದರೆ ಅಲ್ಲಿಯವರೆಗೆ ಇದು ಉಳಿಯಬೇಕಲ್ಲ? ಕಿತ್ತಳೆ ಮೀನುಗಳಿಗೆ ಹಾಕುವ ಗುಳಿಗೆಯಂಥ ಆಹಾರವನ್ನು ಅದು ಮೂಸಿಯೂ ನೋಡಲಿಲ್ಲ. ಪಾಚಿ ಬೇಗ ಬೆಳೆಯಲೆಂದು ಇವರು ತೊಟ್ಟಿಯ ದೀಪವನ್ನು ಹೆಚ್ಚು ಹೊತ್ತು ಉರಿಸಿ ನೋಡಿದರು. ಒಂದು ಸಂಜೆ ನನ್ನನ್ನು ಕರೆದು ಮೆಲ್ಲಗೆ ಹೇಳಿದರು: "ಇದು ಹೋತಂದ್ರ ತೊಟ್ಟೀನೂ ಹೋತು. ಮತ್ತೊಂದ ತಂದು ಉಪವಾಸ ಕೆಡವಾಕ ನನಗ ಮನಸಿಲ್ಲ."

ವಿಷಯ ತಿಳಿದ ಅತ್ತೆ ಕುಸಿದು ಕುಳಿತರು. "ಅಯ್ಯೋ, ಅದರ ಅಡಗೀಮನೀನ ತೊಳದಬಿಟ್ನಲ್ಲೋ," ಎಂದು ಕಣ್ಣೀರು ಹಾಕಿದರು.

ನಾನು ಮಾದಾಪುರದ ದೊಡ್ಡ ಅಂಗಡಿಯೊಂದರಿಂದ ಒಣಗಿಸಿದ ಸಮುದ್ರದ ಪಾಚಿಯ ಹಾಳೆ ತಂದೆ. ಜಪಾನಿನವರು ಅನ್ನ ಸುತ್ತಿಕೊಂಡು ತಿನ್ನುವುದು ಅದನ್ನೇ. ಅತ್ತೆ ಅದನ್ನು ಕರೀ ಹಪ್ಪಳ ಅಂದುಕೊಂಡರು. ಒಂದು ಚೂರನ್ನು ಕ್ಲಿಪ್ಪಿಗೆ ಸಿಕ್ಕಿಸಿ ಗಾಜಿಗೆ ಅಂಟಿಸಲು ಇವರು ನನಗೆ ಅನುಮತಿ ಕೊಟ್ಟರು, ಅಷ್ಟು ಸೋತಿದ್ದರು. ಮೀನು ಬರಲಿಲ್ಲ. ನಾನೇ ಬೆರಳಲ್ಲಿ ಹಿಡಿದು ನಿಂತೆ. ಕೈ ಮರಗಟ್ಟಿತೇ ಹೊರತು ಅದು ಕಲ್ಲು ಬಿಟ್ಟು ಕದಲಲಿಲ್ಲ.

ಅತ್ತೆ ಹಿಂದಿನಿಂದ ಹೇಳಿದರು, "ತಮ್ಮಾ, ನೀ ಹಿಡಿ."

"ನನ್ನ ಕೈ ನೋಡೀಯಿಲ್ಲವಾ?"

"ನೋಡೀನಿ. ನಿನಗ ಜ್ವರಾ ಬಂದಾಗ ತಾಟಿನಾಗ ಇಟ್ರ ಉಣ್ಣುತಿದ್ದಿಲ್ಲ, ನಾನ ತಿನಸಬೇಕಾಗಿತ್ತು. ದಿನಾ ಅದರ ಮುಂದ ಕೂಡಾಂವ ನೀ. ಹಿಡಿ."

ಇವರು ಹಾಳೆಯ ಚೂರು ಹಿಡಿದು ಕೈಯನ್ನು ನೀರಿಗಿಳಿಸಿದರು. ನನ್ನ ಕೈಯಲ್ಲಿ ಕಾಗದದಂತೆ ನಿಂತಿದ್ದ ಆ ಚೂರು ಅವರ ಬೆರಳುಗಳ ನಡುವೆ ಒಂದೇ ಸಮನೆ ನಡುಗತೊಡಗಿತು. ಕಲ್ಲಿಗಂಟಿ ಬೆಳೆದ ಪಾಚಿ ಅಲೆಗೆ ಅಲುಗಿದ ಹಾಗೆ. ಮೀನಿನ ಒಂದು ಕಣ್ಣು ಅತ್ತ ತಿರುಗಿತು, ಆಮೇಲೆ ಇನ್ನೊಂದು. ಕಲ್ಲಿನಿಂದ ಜಿಗಿದು ಬಂದು ಒಂದು ತುತ್ತು ಕಿತ್ತಿತು. ಓಡಿತು. ಮತ್ತೆ ಬಂತು.

ಅವರು ಕೈ ಬಿಗಿಹಿಡಿಯಲು ನೋಡಿದರು. "ಬಿಡ್ರಿ, ಹಂಗ ನಡುಗಲಿ," ಎಂದೆ. ಅವರು ಬಿಗಿ ಬಿಟ್ಟರು. ಕೈ ತನ್ನ ಪಾಡಿಗೆ ನಡುಗಿತು, ಚೂರು ಮುಗಿಯುವವರೆಗೂ ಮೀನು ಅಲ್ಲೇ ಇತ್ತು.

"ಉಣ್ಣಾಕತ್ತೈತಿ ನೋಡವಾ," ಎಂದು ಅತ್ತೆ ನನ್ನ ಭುಜ ಹಿಡಿದರು.

ಇವರು ಕೈ ಒರೆಸಿಕೊಂಡು ಕುರ್ಚಿಯಲ್ಲಿ ಕುಳಿತರು. ಆ ಕೈಯನ್ನು ಲುಂಗಿಯಲ್ಲಿ ಮುಚ್ಚಿಕೊಳ್ಳಲಿಲ್ಲ. "ಚಹಾ ಮಾಡ," ಎಂದರು, "ಕಪ್ ತುಂಬ ಹಾಕು." ತುಂಬಿಸಿಯೇ ತಂದುಕೊಟ್ಟೆ. ಕಪ್ಪಿನ ಕೆಳಗಿನ ಬಸಿಗೆ ಚೆಲ್ಲಿತು, ಚೆಲ್ಲಿದ್ದನ್ನೂ ನಮ್ಮೆದುರಿಗೇ ಸುರ್ರೆಂದು ಕುಡಿದರು.