ಭವಾನಿಯ ಬಂಡೆಯ ಮೇಲಿನ ಅಕ್ಕ

ಕಳೆದ ವಾರ ಪಲ್ಲಡಂನಿಂದ ತಿರುಪ್ಪೂರಿಗೆ ಬರುವಾಗ ಬಸ್ಸಿನಲ್ಲಿ ಯಾರೋ ನನ್ನ ಕಾಲಬುಡದಲ್ಲಿ ಕಡಲೆಕಾಯಿ ಹಿಂಡಿಯ ಚೀಲ ಇಟ್ಟು ಮುಂದೆ ಹೋಗಿ ನಿಂತರು. ಹಸುವಿಗೆಂದು ಕೊಂಡದ್ದಿರಬೇಕು. ಬಸ್ಸು ಕುಲುಕಿದ್ದೇ ತಡ, ಎಣ್ಣೆ ಜಿಡ್ಡಿನ ಆ ಮುಗ್ಗಲು ವಾಸನೆ ಮೇಲೆದ್ದು ಬಂತು. ಪಕ್ಕದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಬಗ್ಗಿ ಚೀಲದ ಬಾಯಿಯನ್ನು ನನ್ನ ಕಡೆಗೇ ತಿರುಗಿಸಿಕೊಂಡೆ. ಅವಳು ನನ್ನನ್ನು ಒಂದು ಥರ ನೋಡಿದಳು. ನೋಡಲಿ. ನನಗೆ ಅದು ಭಾನುವಾರದ ವಾಸನೆ. ಪಕ್ಕದ ಮನೆಯ ಅಕ್ಕನ ಕೈ ವಾಸನೆ...

ಕರುಮತ್ತಂಪಟ್ಟಿಯಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಎದೆಮಟ್ಟದ ಗೋಡೆಯೊಂದೇ ಇತ್ತು. ನಾನು ಮದುವೆಯಾಗಿ ಆ ಬೀದಿಗೆ ಬಂದಾಗ ಅವಳ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಗ ಆಗಲೇ ಮಗ್ಗ ರಿಪೇರಿಯ ಫಿಟ್ಟರ್ ಆಗಿ ದುಡಿಯುತ್ತಿದ್ದ. ಬೀದಿಗೆಲ್ಲ ಅವಳು ಅಕ್ಕ, ನನಗೂ ಅಕ್ಕನೇ. ಅವಳು ಮಾತ್ರ ನನ್ನನ್ನು ಪ್ರೀತಿಯಿಂದ 'ಕಣ್ಣು' ಎಂದು ಕರೆಯುತ್ತಿದ್ದಳು. ಇಬ್ಬರೂ ಒಂದೇ ಶೆಡ್ಡಿನಲ್ಲಿ ಪವರ್‌ಲೂಮ್ ಓಡಿಸುತ್ತಿದ್ದೆವು. ನಮ್ಮದು ತಲೆತಲಾಂತರದ ನೆಯ್ಗೆಯ ಮನೆತನ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಓದು ಬರಹವೂ ತಮಿಳಿನದೇ. ಕನ್ನಡ ಅಕ್ಷರ ನನಗೆ ಬಂದದ್ದು ತೀರಾ ಈಚೆಗೆ, ಕೊಳ್ಳೇಗಾಲದಿಂದ ಬಂದ ಸೊಸೆಯಿಂದ. ನಾನು ಕಾಗುಣಿತ ತಪ್ಪಿದಾಗ ಅವಳು ಬಾಯಿ ಮುಚ್ಚಿಕೊಂಡು ನಗುತ್ತಾಳೆ.

ಪವರ್‌ಲೂಮ್ ಶೆಡ್ಡಿನ ಸದ್ದನ್ನು ಕೇಳದವರಿಗೆ ಹೇಳಿ ತಿಳಿಸುವುದು ಕಷ್ಟ. ಅಷ್ಟೂ ಮಗ್ಗ ಒಟ್ಟಿಗೆ ಬಡಿಯುವಾಗ ಕಿವಿಗೆ ಬಾಯಿ ಇಟ್ಟು ಕೂಗಿದರೂ ಕೇಳಿಸುವುದಿಲ್ಲ. ಆದ್ದರಿಂದ ನಾವು ಕೂಗುತ್ತಲೇ ಇರಲಿಲ್ಲ. ದನಿ ಬಿಡದೆ ತುಟಿ ಮಾತ್ರ ಆಡಿಸುತ್ತಿದ್ದೆವು, ಬೇಕಾದ ಕಡೆ ಕೈ ಸೇರಿಸುತ್ತಿದ್ದೆವು. ಚಾಡಿ, ಜಗಳ, ಗಂಡಂದಿರ ದೂರು ಎಲ್ಲವೂ ಹಾಗೆಯೇ ನಡೆಯುತ್ತಿತ್ತು. ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರೆ. ನಮ್ಮ ಶೆಡ್ಡಿನಲ್ಲಿ ಮನುಷ್ಯರಿಗೇ ಕಿವಿ ಇರಲಿಲ್ಲ. ಅಕ್ಕ ಈ ಮಾತಿನಲ್ಲಿ ಎಲ್ಲರಿಗಿಂತ ಜಾಣೆ. ಶೆಡ್ಡಿನ ಆ ತುದಿಯಲ್ಲಿ ಯಾರಾದರೂ ಅತ್ತೆಯನ್ನು ಬೈದುಕೊಂಡರೆ ಈ ತುದಿಯಲ್ಲಿ ಅವಳು ನಗುತ್ತಿದ್ದಳು.

ವಾರದ ಆರು ದಿನ ಹೀಗೆ. ಭಾನುವಾರ ಮಗ್ಗಕ್ಕೆ ರಜೆ, ಅಕ್ಕನಿಗೆ ಗಾಳ. ನಮ್ಮ ಬೀದಿಯ ಹೆಂಗಸರಲ್ಲಿ ಗಾಳ ಹಿಡಿಯುವವಳು ಅವಳೊಬ್ಬಳೇ. ಗಂಡಸರು ಕೀಟಲೆ ಮಾಡುತ್ತಿದ್ದರು, 'ಅಕ್ಕ, ಮೀನು ಸಿಕ್ಕುತ್ತಾ, ಇಲ್ಲಾ ಗಂಡು ಸಿಕ್ಕುತ್ತಾ' ಎಂದು. 'ಎರಡೂ ಸಿಕ್ತಾವೆ, ಚಿಕ್ಕದ್ನ ವಾಪಸ್ ಬಿಟ್ಬಿಡ್ತೀನಿ' ಅನ್ನುತ್ತಿದ್ದಳು. ಶನಿವಾರ ಸಂಜೆ ಕಡಲೆ ಹಿಂಡಿ ನೆನೆಹಾಕಿ, ಅದಕ್ಕೆ ಮೈದಾ ಮತ್ತು ನೂಲಿಗೆ ಹಾಕುವ ಗಂಜಿಯ ಹಿಟ್ಟು ಒಂದು ಹಿಡಿ ಸೇರಿಸಿ ನಾದುತ್ತಿದ್ದಳು. ಗಂಜಿ ಸೇರಿದರೆ ಉಂಡೆ ನೀರಲ್ಲಿ ಬೇಗ ಕರಗುವುದಿಲ್ಲವಂತೆ. ನೈಲಾನ್ ದಾರವನ್ನು ಮಗ್ಗದ ನೂಲು ಸುತ್ತುವ ಖಾಲಿ ಕಂಡಿಕೆಗೆ ಸುತ್ತಿಟ್ಟಿರುತ್ತಿದ್ದಳು. ನೀರ ಮೇಲೆ ತೇಲುವ ಬೆಂಡಿಗೆ ಹೊಲದಲ್ಲಿ ಬಿದ್ದ ನವಿಲುಗರಿಯ ದಂಟು. ಮಗ ಕೊಯಮತ್ತೂರಿನಿಂದ ರೀಲು ಇರುವ ಫೈಬರ್ ಕೋಲು ತಂದುಕೊಟ್ಟಿದ್ದ. ಒಂದು ಸಲ ಹಿಡಿದು ನೋಡಿ ಬಾಗಿಲ ಹಿಂದೆ ಒರಗಿಸಿದಳು. ಆಮೇಲೆ ಅದರಿಂದ ಜೇಡರ ಬಲೆ ಹೊಡೆಯುತ್ತಿದ್ದಳು. ಅವಳಿಗೆ ಬಿದಿರಿನ ಕೋಲೇ ಆಗಬೇಕು.

ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿದ್ದಳು. ಮಾಮೂಲಿಗೆ ಹತ್ತಿರದ ಕೆರೆ. ಅಪರೂಪಕ್ಕೊಮ್ಮೆ ಎರಡು ಬಸ್ಸು ಬದಲಿಸಿ ಮೇಟ್ಟುಪಾಳೆಯಂ ಆಚೆ ಭವಾನಿ ಹೊಳೆಗೆ. ಅಲ್ಲಿ ಮಂಡಿಯುದ್ದದ ನೀರು ದಾಟಿದರೆ ನಡುಹೊಳೆಯಲ್ಲಿ ಒಂದು ಚಪ್ಪಟೆ ಬಂಡೆ. ಅಕ್ಕ ಸೀರೆ ಎತ್ತಿ ಕಟ್ಟಿ ಅದರ ಮೇಲೆ ಕೂತರೆ ಮುಗಿಯಿತು. ನನಗೆ ಹರಿಯುವ ನೀರು ಭಯ, ದಡದಲ್ಲೇ ಹುಣಸೆಮರದ ಬುಡದಲ್ಲಿ ಕೂತು ಕೆಂಡೆ ಮೀನಿಗೆ ಕೋಲು ಹಿಡಿಯುತ್ತಿದ್ದೆ. ನನಗೆ ಸಿಗುತ್ತಿದ್ದದ್ದು ಬೆರಳುದ್ದದ ಜಿಲೇಬಿ ಮೀನು. ಅಕ್ಕನಿಗೆ ಸಿಕ್ಕರೆ ಅಂಗೈಗಿಂತ ದೊಡ್ಡವು. ಹಾಗೆಂದು ಅವಳು ತಿನ್ನುವ ಆಸೆಗೆ ಹೋಗುತ್ತಿದ್ದಳು ಅಂದುಕೊಳ್ಳಬೇಡಿ. ಪುರಟ್ಟಾಸಿ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ಮೀನು ಮಾಂಸ ಮುಟ್ಟುವುದಿಲ್ಲ. ಆ ತಿಂಗಳೂ ಅವಳು ಹೋಗುತ್ತಿದ್ದಳು. ಹಿಡಿದು, ಕೊಕ್ಕೆ ಬಿಡಿಸಿ, ನೀರಿಗೆ ಬಿಟ್ಟು, ಬರಿಗೈಯಲ್ಲಿ ಸಂತೋಷವಾಗಿ ಬರುತ್ತಿದ್ದಳು. ಬಸ್ಸಿನಲ್ಲಿ ನನ್ನ ಹೆಗಲಿಗೆ ತಲೆ ಆನಿಸಿ ನಿದ್ದೆ ಹೋಗುತ್ತಿದ್ದಳು. ಆರು ದಿನ ಗಂಟುಮುಖ ಹಾಕಿಕೊಂಡಿರುವ ಹೆಂಗಸು ಇವಳೇನಾ ಅನ್ನಿಸುತ್ತಿತ್ತು.

ಅವತ್ತು ಮೋಡ ಇರಲಿಲ್ಲ. ಮಳೆ ಎಲ್ಲೋ ಮೇಲೆ, ಮಲೆಯಲ್ಲಿ ಆಗಿತ್ತು. ಮಧ್ಯಾಹ್ನದ ಹೊತ್ತಿಗೆ ರಸ್ತೆಯಲ್ಲಿ ಒಂದು ಜೀಪು ಮೈಕಿನಲ್ಲಿ ಕೂಗುತ್ತಾ ಬಂತು. ಮೇಲಿನ ಅಣೆಕಟ್ಟಿನಿಂದ ನೀರು ಬಿಡುತ್ತಿದ್ದೇವೆ, ಹೊಳೆಯಲ್ಲಿರುವವರು ಕೂಡಲೇ ದಡಕ್ಕೆ ಬನ್ನಿ ಎಂದು. ಬಟ್ಟೆ ಒಗೆಯುತ್ತಿದ್ದವರು ಬಕೆಟ್ಟು ಎತ್ತಿಕೊಂಡು ಓಡಿದರು. ಅಕ್ಕ ಏಳಲಿಲ್ಲ. ನನಗೆ ಬೆನ್ನು ಮಾಡಿ ಬೆಂಡನ್ನೇ ನೋಡುತ್ತಾ ಕೂತಿದ್ದಳು. ನಾನು ಕೂಗಿದೆ. ಗಂಟಲು ಹರಿಯುವಂತೆ ಕೂಗಿದೆ. ಜೀಪು ಅವಳ ನೇರಕ್ಕೆ ಬಂದು ನಿಂತು ಹಾರ್ನ್ ಒತ್ತಿತು. ಅವಳ ಹೆಗಲು ಕೂಡ ಅಲ್ಲಾಡಲಿಲ್ಲ. ಆಗ ನನಗೆ ಅರ್ಥವಾಯಿತು.

ಏನೂ ತೋಚದೆ ಒಂದು ಕಲ್ಲು ಎತ್ತಿ ಅವಳ ಬೆಂಡಿನ ಮುಂದಕ್ಕೆ ಎಸೆದೆ. ಗಾಳ ಹಾಕಿದವರ ಮುಂದೆ ನೀರಿಗೆ ಕಲ್ಲು ಹಾಕುವುದಕ್ಕಿಂತ ದೊಡ್ಡ ಅಪರಾಧ ಇನ್ನೊಂದಿಲ್ಲ. ಸಿಟ್ಟಿನಿಂದ ಥಟ್ಟನೆ ತಿರುಗಿದಳು. ತಿರುಗಿದವಳಿಗೆ ನನ್ನ ತುಟಿ ಕಂಡಿತು. ಕೋಲು ಬಿಟ್ಟು ನೀರಿಗೆ ಇಳಿದಳು. ಆಗಲೇ ಸೊಂಟದ ತನಕ ಬಂದಿತ್ತು. ಜೀಪಿನಿಂದ ಇಳಿದ ಒಬ್ಬ ಹುಣಸೆಬೇರು ಹಿಡಿದು ಕೈ ಚಾಚಿ ಅವಳನ್ನು ಎಳೆದುಕೊಂಡ. ನಾವು ಹಿಂದಿರುಗಿ ನೋಡುವಷ್ಟರಲ್ಲಿ ಬಂಡೆ ಇರಲಿಲ್ಲ.

ಸೀರೆ ಹಿಂಡಿಕೊಳ್ಳುತ್ತಾ ಅವಳು ಮೊದಲು ಹೇಳಿದ್ದು, 'ಒಳ್ಳೆ ಮೀನು ಕಣ್ಣು, ಓಡ್ಸ್‌ಬುಟ್ಟೆ.' ನಾನು ಅಳುತ್ತಿದ್ದೆ. ಅವಳ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿ ಕೇಳಿದೆ, ಯಾವಾಗಿಂದ ಅಕ್ಕ?

'ಬಾಳ ದಿನ ಆಯ್ತು. ತರಿ ಸದ್ದು ಕಿವಿ ತಿಂದಾಕ್ತು. ಶೆಡ್ಡಲ್ಲಿ ಯಾರ್ಗೆ ತಾನೇ ಕೇಳ್ತದೆ, ಅದ್ಕೇ ತಿಳೀಲಿಲ್ಲ.' ತರಿ ಅಂದರೆ ಮಗ್ಗ. ನನ್ನ ಕೈ ಹಿಡಿದುಕೊಂಡಳು. 'ಮಗಂಗೆ ಯೋಳ್ಬ್ಯಾಡ ಕಣ್ಣು. ಯೋಳಿದ್ರೆ ಕೆರೆ ಹೊಳೆ ತಣ್ಣಿ ಪಕ್ಕವೇ ಬಿಡಾಕಿಲ್ಲ ಅವನು. ಇದೂ ಇಲ್ದಿದ್ರೆ ನಂಗೇನದೆ?'

ಇಲ್ಲ ಅಕ್ಕ, ಹೇಳೋದಿಲ್ಲ ಎಂದು ಅವಳ ಅಂಗೈ ಮೇಲೆ ಕೈ ಇಟ್ಟು ಮಾತು ಕೊಟ್ಟೆ.

ಆ ತಿಂಗಳ ಕೊನೆಗೆ ನಾವು ತಿರುಪ್ಪೂರಿಗೆ ಹೊರಡುವುದೆಂದು ನಿಶ್ಚಯವಾಗಿತ್ತು. ನನ್ನ ಗಂಡನಿಗೆ ಅಲ್ಲಿ ಬನಿಯನ್ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ನಾನು ಹೋದ ಮೇಲೆ ಕಲ್ಲು ಎಸೆಯುವವರು ಯಾರು ಎಂಬ ಭಯ ನನ್ನನ್ನು ತಿನ್ನುತ್ತಿತ್ತು. ಅದನ್ನು ಅಕ್ಕನಿಗೆ ಹೇಳಿಯೂ ಹೇಳಿದೆ. 'ಯಾಕ್ ಬಯ ಬೀಳ್ತೀಯ, ಕಂಡಿಕೆ ಸುತ್ತೋಳು ಬತ್ತೀನಿ ಅಂದವ್ಳೆ' ಅಂದಳು. ಕಂಡಿಕೆ ಸುತ್ತುವವಳೆಂದರೆ ಶೆಡ್ಡಿಗೆ ಹೊಸದಾಗಿ ಸೇರಿದ ಹೆಂಗಸು, ಗಟ್ಟಿಗಿತ್ತಿ, ಈಜು ಬಲ್ಲವಳು. ನಿಜ ಹೇಳಬೇಕೆಂದರೆ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ನನ್ನ ಜಾಗದಲ್ಲಿ ಆ ಹುಣಸೆಮರದ ಬುಡದಲ್ಲಿ ಇನ್ನೊಬ್ಬಳು ಕೂರುತ್ತಾಳೆ, ಬರುವಾಗ ಅಕ್ಕ ಅವಳ ಹೆಗಲಿಗೆ ತಲೆ ಆನಿಸುತ್ತಾಳೆ ಅನ್ನುವುದೇ ತಲೆಯಲ್ಲಿ ಸುತ್ತುತ್ತಿತ್ತು. ಇದನ್ನು ನಾನು ಬಹಳ ವರ್ಷ ನನ್ನೊಳಗೇ ಒಪ್ಪಿಕೊಂಡಿರಲಿಲ್ಲ. ಆಮೇಲೆ ಅವಳ ಮಗನಿಗೆ ಹೇಳಿದ್ದನ್ನು ಭಯಕ್ಕೆ ಹೇಳಿದೆ, ಅವಳ ಒಳ್ಳೆಯದಕ್ಕೆ ಹೇಳಿದೆ ಅಂದುಕೊಂಡಿದ್ದೆ. ಭಯ ಅರ್ಧ ಇತ್ತು. ಉಳಿದರ್ಧ ಹೊಟ್ಟೆಕಿಚ್ಚು.

ನನ್ನ ಮಗ್ಗದ ಬೆಲ್ಟು ಸರಿಮಾಡಲು ಅಕ್ಕನ ಮಗ ಬಂದಿದ್ದ. ಮಿಕ್ಕ ಮಗ್ಗಗಳು ಓಡುತ್ತಿದ್ದವು. ಅಮ್ಮ ಮೊನ್ನೆ ಯಾಕೆ ನೆನೆದುಕೊಂಡು ಬಂದಳು, ಕೋಲು ಎಲ್ಲಿ ಹೋಯಿತು ಎಂದು ಕೇಳಿದ. ಶೆಡ್ಡಿನ ರೂಢಿಯಂತೆ ತುಟಿಯಲ್ಲೇ ಕೇಳಿದ. ನಾನೂ ತುಟಿಯಲ್ಲೇ ಹೇಳಿದೆ, ಎಲ್ಲವನ್ನೂ. ಜೀಪು, ಹಾರ್ನು, ಕಲ್ಲು. ನಿಮ್ಮಮ್ಮನಿಗೆ ಕಿವಿ ಪೂರ್ತಿ ಹೋಗಿದೆ, ಇನ್ನು ನೀರಿನ ಹತ್ತಿರ ಬಿಡಬೇಡಿ ಅಂದೆ. ಅಷ್ಟು ಸದ್ದಿನಲ್ಲಿ, ಅಷ್ಟು ದೂರದಲ್ಲಿ ಕಿವುಡಿಗೆ ಏನು ಕೇಳಿಸೀತು ಎಂದು ಧೈರ್ಯವಾಗಿಯೇ ಹೇಳಿದೆ. ಇಡೀ ಶೆಡ್ಡಿನಲ್ಲಿ ನನ್ನ ಮಾತು ಸ್ಪಷ್ಟವಾಗಿ ಕೇಳುವವಳು ಅವಳೊಬ್ಬಳೇ ಎಂಬುದು ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ. ಹೇಳಿ ಮುಗಿಸಿ ಕಣ್ಣೆತ್ತಿದೆ. ನಾಲ್ಕು ಮಗ್ಗದಾಚೆ ಅಕ್ಕ ನಿಂತಿದ್ದಳು. ನನ್ನ ತುಟಿಯನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ... ಆಮೇಲೆ ಬಗ್ಗಿ, ಕಡಿದ ಎಳೆಯೊಂದನ್ನು ಹುಡುಕಿ ಗಂಟು ಹಾಕತೊಡಗಿದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಾನು ಆಡಿಯೂ ಇರಲಿಲ್ಲ, ಬರೀ ತುಟಿ ಅಲ್ಲಾಡಿಸಿದ್ದೆ.

ಮಗ ಕೆಟ್ಟವನಲ್ಲ. ಅವನು ಬೈಯಲಿಲ್ಲ, ಕೂಗಾಡಲಿಲ್ಲ. ಅಮ್ಮನ ಮುಂದೆ ಕೂತು ಅತ್ತನಂತೆ. ಕೊಕ್ಕೆ, ದಾರ, ಉಳಿದ ಕೋಲುಗಳನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟ. 'ಮೀನು ಬೇಕಂದ್ರೆ ನಾನು ತಂದ್ಕೊಡ್ತೀನಿ ಮಾ' ಎಂದು ಪ್ರತಿ ಭಾನುವಾರ ಬೆಳಿಗ್ಗೆ ಕೊಯಮತ್ತೂರಿನ ಉಕ್ಕಡಂ ಮಾರುಕಟ್ಟೆಗೆ ಹೋಗಿ ಒಳ್ಳೊಳ್ಳೆಯ ಮೀನು ಆರಿಸಿ ತರುತ್ತಿದ್ದ. ಬೀದಿಯವರೆಲ್ಲ ಮಗ ಅಂದರೆ ಇವನು ಅಂದರು. ಅಕ್ಕ ಆ ಮೀನನ್ನು ತೊಳೆದು, ಸಾರು ಮಾಡಿ, ಎಂದಿನಂತೆ ಗೋಡೆಯ ಮೇಲಿಂದ ನನಗೊಂದು ಬಟ್ಟಲು ಕೊಡುತ್ತಿದ್ದಳು. ಕೊಡುವಾಗ ಬಟ್ಟಲು ನೋಡುತ್ತಿದ್ದಳು, ನನ್ನ ಮುಖವನ್ನಲ್ಲ. ಹುಳಿ ಖಾರ ಎಲ್ಲ ಸರಿಯಾಗೇ ಇರುತ್ತಿತ್ತು. ನಾನು ಅದನ್ನು ನನ್ನ ಮಗನ ತಟ್ಟೆಗೆ ಬಡಿಸಿಬಿಡುತ್ತಿದ್ದೆ.

ಅದೇ ಅವಳು ನನಗೆ ಕೊಟ್ಟ ಶಿಕ್ಷೆ. ಒಂದು ಕೆಟ್ಟ ಮಾತಿಲ್ಲ. ನಾನು ಬಾಯಿ ತೆರೆದಾಗ ಕಣ್ಣು ತಗ್ಗಿಸುತ್ತಿದ್ದಳು, ಅಷ್ಟೇ. ಅವಳು ನೋಡದಿದ್ದರೆ ನನ್ನ ಮಾತು ಅವಳಿಗೆ ತಲುಪುವುದು ಹೇಗೆ? ತಪ್ಪಾಯಿತು ಅಕ್ಕ ಎಂದು ಎಷ್ಟು ಸಲ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು, ಅಕ್ಕಿ ಆರಿಸುತ್ತಿದ್ದಳು. ನಾವು ಸಾಮಾನು ಏರಿಸಿ ತಿರುಪ್ಪೂರಿಗೆ ಹೊರಟ ದಿನವೂ ಬಂದು ನಿಂತಳು. ನನ್ನ ಮಗನ ಕೆನ್ನೆ ಸವರಿದಳು, ನನಗೆ ಕುಂಕುಮ ಇಟ್ಟಳು. ಕುಂಕುಮ ಇಡುವಾಗ ಹಣೆಯನ್ನು ಮಾತ್ರ ನೋಡಿದಳು.

ವರ್ಷಗಳು ಹೋದವು. ಹಬ್ಬ ಮದುವೆಗೆಂದು ಊರಿಗೆ ಹೋದಾಗ ಕಾಣುತ್ತಿದ್ದಳು. ಮಗ್ಗ ಬಿಟ್ಟಿದ್ದಳು. ಜಗಲಿಯಲ್ಲಿ ಕೂತು ರಸ್ತೆ ನೋಡುತ್ತಿದ್ದಳು. ಕೂರುವ ರೀತಿ ಮಾತ್ರ ಅದೇ, ಮಂಡಿ ಮಡಚಿ, ಮೊಣಕೈ ಊರಿ, ನೀರಿನ ಮುಂದೆ ಕೂತಂತೆ. ಅವಳನ್ನು ಬದುಕಿಸಿದವಳು ನೀನು ಎಂದು ನನ್ನ ಗಂಡ ಸಮಾಧಾನ ಹೇಳುತ್ತಿದ್ದರು. ಇರಬಹುದು. ಆ ಕಲ್ಲು ಎಸೆದ ಕೈಯ ಬಗ್ಗೆ ನನಗೆ ಬೇಸರವಿಲ್ಲ.

ಅವಳು ಹಾಸಿಗೆ ಹಿಡಿದಿದ್ದಾಳೆ ಎಂದು ಸುದ್ದಿ ಬಂದಾಗ ನಾನೂ ದುಡಿಯುತ್ತಿದ್ದ ಬನಿಯನ್ ಕಂಪನಿಗೆ ಅರ್ಧ ದಿನದ ರಜೆ ಹಾಕಿ ಹೋದೆ. ನಡುಮನೆಯ ಮಂಚದಲ್ಲಿ ಮಲಗಿದ್ದಳು, ಕೈಯೆಲ್ಲ ಎಲುಬು. ಮಗ ನನಗೆ ಕುರ್ಚಿ ಹಾಕಿ, ಕಾಫಿ ತರುತ್ತೇನೆಂದು ಒಳಗೆ ಹೋದ. ಕೋಣೆಯಲ್ಲಿ ನಾವಿಬ್ಬರೇ. ಅಕ್ಕ ತಲೆಯನ್ನು ಮೆಲ್ಲಗೆ ನನ್ನ ಕಡೆ ಹೊರಳಿಸಿದಳು. ಕಣ್ಣು ನನ್ನ ಹಣೆಗೆ ಹೋಗಲಿಲ್ಲ, ಕೈಗೆ ಹೋಗಲಿಲ್ಲ. ನೇರವಾಗಿ ನನ್ನ ತುಟಿಯ ಮೇಲೆ ಬಂದು ನಿಂತಿತು. ಅಷ್ಟು ವರ್ಷದ ಮೇಲೆ. ಕಾಯುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ದನಿ ಕೂಡ ಬೇಕಿರಲಿಲ್ಲ, ಒಂದು ಸಲ ತುಟಿ ಅಲ್ಲಾಡಿಸಿದ್ದರೆ ಸಾಕಿತ್ತು. ತಪ್ಪಾಯಿತು ಅಕ್ಕ. ಅಷ್ಟು ಸಲ ಅಭ್ಯಾಸ ಮಾಡಿದ್ದ ಮಾತು ಅದು.

'ಊಟ ಆಯ್ತಾ ಅಕ್ಕ?' ಅಂದೆ.

ಅವಳು ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಮುಂದೆ ಏನಾದರೂ ಬರುತ್ತದೋ ಎಂದಿರಬೇಕು. 'ಆಯ್ತು ಕಣ್ಣು' ಅಂದು ಕಣ್ಣು ಮುಚ್ಚಿಕೊಂಡಳು. ಮಗ ಕಾಫಿ ತಂದ. ಕುಡಿದು ಬಸ್ಸು ಹತ್ತಿದೆ. ಆ ವಾರವೇ ಅವಳು ಹೋದಳು.

ಈಗ ಕರುಮತ್ತಂಪಟ್ಟಿಯಲ್ಲಿ ಆ ಗೋಡೆಯೂ ಇಲ್ಲ, ಎರಡು ಮನೆಯನ್ನೂ ಕೆಡವಿ ಒಂದು ಗೋಡೌನ್ ಎದ್ದಿದೆ. ನಾನು ಆಮೇಲೆ ಗಾಳ ಮುಟ್ಟಿಲ್ಲ. ನಮ್ಮ ಕಡೆ ಯಾರು ಎದುರಾದರೂ ಮೊದಲು ಕೇಳುವುದು ಊಟ ಆಯ್ತಾ ಎಂದೇ. ಕಂಪನಿಯ ಗೇಟಿನಲ್ಲಿ ಕೇಳುತ್ತಾರೆ, ತರಕಾರಿಯವನು ಕೇಳುತ್ತಾನೆ, ಸೊಸೆ ಫೋನಿನಲ್ಲಿ ಕೇಳುತ್ತಾಳೆ. ಉತ್ತರ ಹೇಳಲು ನನಗೆ ಪ್ರತಿ ಸಲವೂ ಸ್ವಲ್ಪ ಹೊತ್ತು ಹಿಡಿಯುತ್ತದೆ.