ಟೀಚರ ಹಳೆಯ ದನಿ

ತಪ್ಪು ನನ್ನದೇ. ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಒಂದನೇ ತರಗತಿಯ ಸಹಾಯಕ ಶಿಕ್ಷಕನ ಕೆಲಸಕ್ಕೆ ಸಂದರ್ಶನವಿತ್ತು, ತಯಾರಿಗೆ ಎಂಟು ದಿನ ಇತ್ತು. ಆ ಎಂಟು ದಿನದಲ್ಲಿ ನಾನು ಮಾಡಿದ್ದೆಂದರೆ, ಕಾಯಿಲೆಯಿಂದ ದನಿ ಕಳೆದುಕೊಂಡ ಒಬ್ಬರನ್ನು ಅಣಕಿಸಿ ಐದು ಮಕ್ಕಳನ್ನು ನಗಿಸಿದ್ದು. ಅವರು ನನಗೆ ಅಕ್ಷರ ಕಲಿಸಿದ ಟೀಚರು. ಆ ಕೆಲಸ ಹುಟ್ಟಿಕೊಂಡದ್ದೇ ಅವರ ದನಿ ಹೋದದ್ದರಿಂದ.

ಶಾಲೆ ಕೊಪ್ಪದಿಂದ ಜಯಪುರಕ್ಕೆ ಹೋಗುವ ದಾರಿಯಲ್ಲಿದೆ. ನನ್ನ ಅಮ್ಮ ಅಲ್ಲಿ ಬಿಸಿಯೂಟದ ಅಡುಗೆಯವಳು. ಹಿಂದಿನ ವರ್ಷ ಬೇಸಿಗೆ ರಜೆಯಲ್ಲಿ ಟೀಚರಿಗೆ ಗಂಟಲಿನ ಆಪರೇಷನ್ ಆಯಿತು. ಜೂನ್‌ನಲ್ಲಿ ವಾಪಸು ಬಂದಾಗ ಅವರ ಮಾತಿನಲ್ಲಿ ಉಸಿರು ಮಾತ್ರ ಉಳಿದಿತ್ತು. ಮೇಜಿನ ಮೇಲೆ ಹಸುವಿನ ಕೊರಳಿಗೆ ಕಟ್ಟುವ ಮರದ ಗಂಟೆಯೊಂದನ್ನು ತಂದಿಟ್ಟುಕೊಂಡರು. ಎರಡು ಸಲ ಆಡಿಸಿದರೆ ಮಕ್ಕಳು ತಲೆ ಎತ್ತಬೇಕು. ಆಗ ಅವರು ಪಿಸುದನಿಯಲ್ಲಿ ಹೇಳಬೇಕಾದ್ದನ್ನು ಹೇಳುತ್ತಿದ್ದರು. ಇಪ್ಪತ್ತಾರು ಮಕ್ಕಳ ಗಲಾಟೆಯಲ್ಲಿ ಅದು ಎಷ್ಟೋ ಸಲ ಯಾರಿಗೂ ಕೇಳುತ್ತಿರಲಿಲ್ಲ. ಅದಕ್ಕೇ ಟೀಚರು ಕೇಳಿಕೊಂಡ ಮೇಲೆ ಆಡಳಿತ ಮಂಡಳಿಯವರು ಸಹಾಯಕ್ಕೊಬ್ಬರನ್ನು ತೆಗೆದುಕೊಳ್ಳಲು ತೀರ್ಮಾನಿಸಿದರು.

ಡಿ.ಎಡ್. ಮುಗಿಸಿ ಎರಡು ವರ್ಷದಿಂದ ನಾನು ಕೊಪ್ಪದ ಜೆರಾಕ್ಸ್ ಅಂಗಡಿಯಲ್ಲಿ ಬೇರೆಯವರ ಅಂಕಪಟ್ಟಿಗಳ ಪ್ರತಿ ತೆಗೆಯುತ್ತಿದ್ದೆ. ನನ್ನ ಅಂಕಪಟ್ಟಿಯ ಪ್ರತಿಯನ್ನು ಯಾರೂ ಕೇಳಿರಲಿಲ್ಲ. ಈ ಕೆಲಸ ತಪ್ಪಿದರೆ ಸುತ್ತಮುತ್ತ ಇನ್ನೊಂದಿರಲಿಲ್ಲ.

ನನಗೆ ಚೆನ್ನಾಗಿ ಬರುವ ವಿದ್ಯೆ ಒಂದೇ. ಶೃಂಗೇರಿ ಬಸ್ಸಿನ ಕಂಡಕ್ಟರು ಮೂಗಿನಲ್ಲಿ 'ಒಳಗೆ ಹೋಗಿ, ಒಳಗೆ' ಎನ್ನುವುದು, ಎನ್.ಆರ್.ಪುರದ ಅತ್ತೆ ಫೋನಿನಲ್ಲಿ ಹಲೋ ಎನ್ನುವ ಮೊದಲೇ ನಿಟ್ಟುಸಿರು ಬಿಡುವುದು, ಎಲ್ಲ ನನ್ನ ಗಂಟಲಲ್ಲಿವೆ. ನನ್ನನ್ನೂ ಬಿಟ್ಟವನಲ್ಲ, ಕೆಲಸ ಕೇಳುವಾಗ ನನ್ನ ದನಿ ಬೆಕ್ಕಿನ ಮರಿಯದಾಗುವುದನ್ನು ನಾನೇ ಮಾಡಿ ತೋರಿಸುತ್ತಿದ್ದೆ.

"ಅಲ್ಲಿ ಪಾಠ ಮಾಡಿ ತೋರಿಸ್ಬೇಕಂತೆ," ಎಂದಳು ಅಮ್ಮ. "ನಮ್ಮ ಕೇರಿಯ ಮಕ್ಕಳನ್ನ ಕೂರಿಸ್ಕೊಂಡು ಒಂದು ಸಲ ಮಾಡಿ ನೋಡು."

ಭಾನುವಾರ ಸೊಸೈಟಿಯ ಮೆಟ್ಟಿಲ ಮೇಲೆ ಒಂದನೇ ತರಗತಿಯ ಐದು ಮಕ್ಕಳನ್ನು ಕೂರಿಸಿದೆ. ನನ್ನ ದನಿಯಲ್ಲಿ ಶುರುಮಾಡಿದೆ. ರಸ್ತೆಯಲ್ಲಿ ಜೆಸಿಬಿ ಬಂತು, ಐವರೂ ಎದ್ದು ಹೋದರು. ವಾಪಸು ಬಂದ ಮೇಲೆ, ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಕೇಳಿದ ಟೀಚರ ಹಳೆಯ ದನಿ ತೆಗೆದೆ: "ಕಣ್ಣು ಎಲ್ಲಿದೆ? ಬೋರ್ಡಿನ ಮೇಲೆ. ಬೋರ್ಡು ಎಲ್ಲಿದೆ? ಕಣ್ಣಿನ ಎದುರು." ಐವರೂ ನೆಟ್ಟಗೆ ಕೂತರು. ಅಲ್ಲಿಗೆ ನಿಲ್ಲಿಸಬೇಕಿತ್ತು.

ಎರಡು ಜಡೆಯ ಹುಡುಗಿಯೊಬ್ಬಳು ಕೇಳಿದಳು, "ಇದು ಯಾರ ದನಿ ಅಣ್ಣ?"

"ನಿಮ್ಮ ಟೀಚರದ್ದೇ."

"ಸುಳ್ಳು. ನಮ್ಮ ಟೀಚರದ್ದು ಹೀಗಿಲ್ಲ."

"ಮತ್ತೆ ಹೀಗಾ?" ಎಂದು, ಅವರು ಮಾಡುವ ಹಾಗೆಯೇ ಗಂಟಲಿನ ಮೇಲೆ ಎರಡು ಬೆರಳಿಟ್ಟು ಪಿಸುಗುಟ್ಟಿದೆ. ಮಕ್ಕಳು ಮೆಟ್ಟಿಲ ಮೇಲೆ ಬಿದ್ದು ನಕ್ಕರು. ನನಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ಮರುದಿನ ಅಮ್ಮ ಶಾಲೆಯಿಂದ ಬಂದವಳು ತುಂಬ ಹೊತ್ತು ಕೈಕಾಲು ತೊಳೆದಳು.

"ಮಕ್ಕಳಿಗೆ ಎಂತ ಕಲಿಸಿದ್ದು ಮಾರಾಯ ನೀನು?"

ನಡೆದದ್ದು ಇಷ್ಟು. ಟೀಚರು ಗಂಟೆ ಆಡಿಸಿ 'ಸ್ಲೇಟು ತೆಗೀರಿ' ಎಂದಿದ್ದಾರೆ. ಎರಡು ಜಡೆಯವಳು ಗಂಟಲಿನ ಮೇಲೆ ಬೆರಳಿಟ್ಟು 'ಸ್ಲೇಟು ತೆಗೀರಿ' ಎಂದು ಪಿಸುಗುಟ್ಟಿದ್ದಾಳೆ. ಆಮೇಲೆ ಇಡೀ ಕ್ಲಾಸು.

"ಬೈದರಾ?"

"ಬೈಲಿಲ್ಲ. ಊಟಕ್ಕೆ ಹೊರಗೆ ಬರ್ಲಿಲ್ಲ. ತಟ್ಟೆ ಒಳಗೇ ಕೊಟ್ಟು ಬಂದೆ. ಆಮೇಲೆ ಹೋಗಿ ನೋಡಿದ್ರೆ ಮುಟ್ಟಿರ್ಲಿಲ್ಲ."

"ನಾನು ಅಂತ ಗೊತ್ತಾಗಿದೆಯಾ?"

"ಈ ಊರಲ್ಲಿ ಇನ್ಯಾರಿಗೆ ಬರ್ತದೆ ಆ ಕೆಲಸ?" ಎಂದು ಅಮ್ಮ ಒಳಗೆ ಹೋದಳು.

ಎರಡು ಸಂಜೆ ಟೀಚರ ಮನೆಯ ಗೇಟಿನವರೆಗೆ ಹೋದೆ. ದಾರಿಯುದ್ದಕ್ಕೂ 'ತಪ್ಪಾಯ್ತು ಟೀಚರ್' ಎಂದು ಹೇಳಿ ನೋಡಿಕೊಂಡೆ. ಒಂದು ಸಲ ಅದು ಕಂಡಕ್ಟರನ ದನಿಯಲ್ಲಿ ಬಂತು, ಇನ್ನೊಂದು ಸಲ ಅತ್ತೆಯದ್ದರಲ್ಲಿ. ನನ್ನದು ಎಂಬುದು ಬರಲೇ ಇಲ್ಲ. ಒಳಗೆ ದೀಪ ಹಾಕಿದ್ದು ಕಾಣುತ್ತಿತ್ತು. ಎರಡು ಸಲವೂ ತಿರುಗಿ ಬಂದೆ.

ಸಂದರ್ಶನದ ದಿನ ಒಂದನೇ ತರಗತಿಯಲ್ಲೇ ಕೂತಿದ್ದರು, ಆಡಳಿತ ಮಂಡಳಿಯ ಅಧ್ಯಕ್ಷರು ಮತ್ತು ಅವರ ಪಕ್ಕದಲ್ಲಿ ಟೀಚರು. ಟೀಚರು ನನ್ನ ಅಂಕಪಟ್ಟಿಯನ್ನೇ ನೋಡುತ್ತಿದ್ದರು.

"ಎಲ್ಲಿ, ಒಂದು ಹತ್ತು ನಿಮಿಷ ಪಾಠ ಮಾಡು ನೋಡ್ವ," ಎಂದರು ಅಧ್ಯಕ್ಷರು.

ನಾಲ್ಕು ದಿನ ಕೂತು ಬಣ್ಣ ಹಚ್ಚಿದ ಅಕ್ಷರದ ಕಾರ್ಡುಗಳಿದ್ದವು. ಮೊದಲನೆಯದನ್ನು ಎತ್ತಿ ಹಿಡಿದೆ. ಬೆಕ್ಕಿನ ಮರಿಯ ದನಿ ಬಂತು. ಹಿಂದಿನ ಬೆಂಚಿನಲ್ಲಿ ಜಗಳ ಶುರುವಾಯಿತು. ಎರಡು ಜಡೆಯವಳು ನನ್ನತ್ತ ನೋಡಿ, ನಮ್ಮಿಬ್ಬರ ಗುಟ್ಟು ಎನ್ನುವಂತೆ ಗಂಟಲಿನ ಮೇಲೆ ಬೆರಳಿಟ್ಟು ನಕ್ಕಳು. ಎಲ್ಲಿ ಟೀಚರು ನೋಡುತ್ತಾರೋ ಎಂಬ ಹೆದರಿಕೆಯಲ್ಲಿ, ನಾನು ಕರೆಯದೆಯೇ ಅವರ ಹಳೆಯ ದನಿ ಹೊರಗೆ ಬಂತು.

"ಕಣ್ಣು ಎಲ್ಲಿದೆ? ಬೋರ್ಡಿನ ಮೇಲೆ."

ಕ್ಲಾಸು ನಿಶ್ಶಬ್ದವಾಯಿತು. ಟೀಚರು ತಲೆ ಎತ್ತಿದರು. ಒಂದು ವರ್ಷದಿಂದ ಅವರೂ ಕೇಳಿರದ ದನಿ ಅದು. ಗಂಟಲಿನತ್ತ ಹೋದ ಅವರ ಬೆರಳು, ಮಕ್ಕಳು ಕಣ್ಣಿಗೆ ಬಿದ್ದೊಡನೆ ಅರ್ಧದಲ್ಲೇ ಕೆಳಗಿಳಿಯಿತು.

ಅಧ್ಯಕ್ಷರಿಗೆ ಮಾತ್ರ ಭಾರಿ ಸಂತೋಷ. "ಎಂತದು ಮಾರಾಯ, ಟೀಚರ ಹಳೇ ದನಿ ಹಾಗೇ ಉಂಟಲ್ಲ. ಇನ್ನೆಂತ ನೋಡೋದು, ಆಯ್ತಲ್ಲ. ಟೀಚರೇ, ಇನ್ನು ನೀವು ಆರಾಮಾಗಿ ಕುರ್ಚಿಲಿ ಕೂತಿರಿ. ಮಾತೆಲ್ಲ ಇವನೇ ಆಡ್ತಾನೆ."

ಕೆಲಸ ಸಿಕ್ಕಿತ್ತು. ಮೂವತ್ತು ವರ್ಷ ಆ ಕೋಣೆಯಲ್ಲಿ ನಿಂತು ಕಲಿಸಿದವರನ್ನು ಅವರದೇ ದನಿಯಿಂದ ಕುರ್ಚಿಗೆ ತಳ್ಳಿ ನಾನು ಕೆಲಸ ಹಿಡಿದಿದ್ದೆ. ಗೇಟಿನ ಹತ್ತಿರ ಬಾರದ ಮಾತು ಆಗ ಬಂತು.

"ಸಾರ್, ಮಕ್ಕಳಿಗೆ ಟೀಚರನ್ನ ಅಣಕಿಸೋದು ಕಲಿಸಿದ್ದು ನಾನು. ತಪ್ಪಾಯ್ತು ಟೀಚರ್."

ಅದು ಯಾರ ದನಿಯೋ ನನಗೇ ಗುರುತು ಸಿಗಲಿಲ್ಲ. "ಎಂತ? ಎಂತ ಹೇಳಿದ ಇವ?" ಎಂದು ಅಧ್ಯಕ್ಷರು ದೊಡ್ಡದಾಗಿ ಕೇಳತೊಡಗಿದರು, ಮಕ್ಕಳೂ ಗಲಾಟೆ ಶುರುಮಾಡಿದರು.

ಟೀಚರು ಮರದ ಗಂಟೆಯನ್ನು ಎರಡು ಸಲ ಆಡಿಸಿದರು. ಮಕ್ಕಳು ತಲೆ ಎತ್ತಿದರು. ಅಧ್ಯಕ್ಷರೂ ಬಾಯಿ ಮುಚ್ಚಿದರು. ಟೀಚರು ಗಂಟಲಿನ ಮೇಲೆ ಎರಡು ಬೆರಳಿಟ್ಟುಕೊಂಡರು. ಯಾರೂ ನಗಲಿಲ್ಲ. ಹಿಂದಿನ ಬೆಂಚಿನವರೆಗೂ ಅವರ ಪಿಸುಮಾತು ಕೇಳಿಸಿತು:

"ನಾನು ಕೇಳಿದ್ದು ನನ್ನ ಬದಲಿಗೆ ಮಾತಾಡೋನನ್ನಲ್ಲ. ನಾನು ಮಾತಾಡುವಾಗ ಇವರನ್ನ ಸುಮ್ನೆ ಕೂರಿಸೋನನ್ನ. ಮೊದಲು ತಾನು ಸುಮ್ನೆ ಕೂರೋದು ಕಲೀಲಿ. ಸೋಮವಾರದಿಂದ ಬರ್ಲಿ, ಹಿಂದಿನ ಬೆಂಚಿಗೆ."