ಮಾವನವರಿಗೆ ಹೈದರಾಬಾದ್ ತೋರಿಸಿದ ಭಾನುವಾರ

ಏಪ್ರಿಲ್ ನಡುವಿನಿಂದ ಜೂನ್ ಮೊದಲ ವಾರದವರೆಗೆ ಶಿವಾನಂದರ ಮನೆಯ ದಿವಾನದ ಮೇಲೆ ಯಾವುದಾದರೂ ಊರಿನ ಬ್ಯಾಗು ಇದ್ದೇ ಇರುತ್ತಿತ್ತು. ಸೇಡಂ, ಯಾದಗಿರಿ, ರಾಯಚೂರು, ಬೀದರ ಹೀಗೆ ಹೈದರಾಬಾದಿನಿಂದ ನಾಲ್ಕೈದು ಗಂಟೆಯ ದಾರಿಯಲ್ಲಿರುವ ಊರುಗಳಲ್ಲೆಲ್ಲ ಅವರಿಗೆ ನೆಂಟರಿದ್ದರು. ಆ ನೆಂಟರಿಗೆಲ್ಲ ಮಕ್ಕಳಿದ್ದರು, ಮಕ್ಕಳಿಗೆಲ್ಲ ಸೂಟಿ ಇರುತ್ತಿತ್ತು. ಹೀಗೆ ಇಪ್ಪತ್ತೆರಡು ಬೇಸಿಗೆಗಳು ಕಳೆದಿದ್ದವು.

ಶಿವಾನಂದರು ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರ ಪ್ಲಾನಿಂಗ್ ವಿಭಾಗದಲ್ಲಿ ಅಧಿಕಾರಿ. ಯಾವ ಬೋಲ್ಟು ಯಾವ ಮಂಗಳವಾರ ಯಾವ ಶೆಡ್ಡಿಗೆ ಬರಬೇಕೆಂದು ಬರೆದಿಡುವುದು ಅವರ ಕೆಲಸ. ಬೋಲ್ಟುಗಳು ಮಾತು ಕೇಳುತ್ತಿದ್ದವೋ ಇಲ್ಲವೋ, ನೆಂಟರಂತೂ ಕೇಳುತ್ತಿದ್ದರು. ಬಂದವರು ಕೈಕಾಲು ತೊಳೆದು ಚಹಾ ಕುಡಿಯುವಷ್ಟರಲ್ಲಿ ಅವರ ಕೈಗೆ ಟೈಪಾದ ಒಂದು ಹಾಳೆ ಬರುತ್ತಿತ್ತು. ಎಷ್ಟು ಗಂಟೆಗೆ ಹೊರಡುವುದು, ಏನೇನು ನೋಡುವುದು, ಎಲ್ಲಿ ಉಣ್ಣುವುದು, ಮ್ಯೂಸಿಯಂನಲ್ಲಿ ಎಷ್ಟು ನಿಮಿಷ, ಎಲ್ಲವೂ ಅದರಲ್ಲಿ ನಮೂದಾಗಿರುತ್ತಿತ್ತು. ಕೆಳಗೆ ಸಹಿ. ಚಾರ್‌ಮಿನಾರನ್ನು ಸುಲ್ತಾನರೇ ಕಟ್ಟಿಸಿರಬಹುದು, ಆದರೆ ಅದನ್ನು ತೋರಿಸುವವನು ತಾನು ಎಂಬ ಗತ್ತಿನಲ್ಲಿ ಅವರು ಅದರೆದುರು ನಿಲ್ಲುತ್ತಿದ್ದರು.

ಒಳಗೊಳಗೆ ಅವರಿಗೂ ಸಾಕಾಗಿತ್ತೆಂಬುದು ಯಾರಿಗೂ ಗೊತ್ತಿರಲಿಲ್ಲ. ಮ್ಯೂಸಿಯಂನ ಹಳೇ ಗಡಿಯಾರದೊಳಗಿಂದ ಪುಟ್ಟ ಗೊಂಬೆಯೊಂದು ಹೊತ್ತಿಗೆ ಸರಿಯಾಗಿ ಹೊರಬಂದು ಗಂಟೆ ಹೊಡೆದು ಒಳಗೆ ಹೋಗುತ್ತದೆ. ಜನ ಮೊಬೈಲು ಎತ್ತಿ ಹಿಡಿಯುತ್ತಾರೆ. ಅರವತ್ತಕ್ಕೂ ಹೆಚ್ಚು ಸಲ ಅದನ್ನು ನೋಡಿದ್ದ ಶಿವಾನಂದರಿಗೆ ಈಚೀಚೆಗೆ ಆ ಗೊಂಬೆಯ ಮುಖ ನೋಡಿದರೆ ಕನ್ನಡಿ ನೋಡಿದಂತಾಗುತ್ತಿತ್ತು.

ಈ ವರ್ಷದ ಬೇಸಿಗೆಯಲ್ಲಿ ಒಂದು ಹೊಸ ಸಂಗತಿ ನಡೆಯಿತು. ಅವರ ಹೆಂಡತಿ ವನಜಾ ತಾರ್ನಾಕದ ಕನ್ನಡ ಬಳಗದ ನಾಟಕದಲ್ಲಿ ಪಾತ್ರ ಮಾಡಲು ಒಪ್ಪಿಕೊಂಡರು. ಕಾಲೇಜು ಬಿಟ್ಟ ಮೇಲೆ ಇದೇ ಮೊದಲು. ಖಾನಾವಳಿಯ ಒಡತಿಯ ಪಾತ್ರ. ಇಪ್ಪತ್ತು ವರ್ಷ ರೊಟ್ಟಿ ಬಡಿದವಳು ಒಂದು ದಿನ ಉಣ್ಣಲು ಕೂತವರ ಮುಂದೆ ಬಂದು ನಾಳೆಯಿಂದ ಒಲೆ ಹಚ್ಚುವುದಿಲ್ಲ ಎನ್ನುತ್ತಾಳೆ. ನಾಲ್ಕು ನಿಮಿಷದ ಮಾತು. ವನಜಾ ಅದನ್ನು ಕುಕ್ಕರ್ ಸೀಟಿಗಳ ನಡುವೆ ಬಾಯಿಪಾಠ ಮಾಡಿದ್ದರು. ಶಿವಾನಂದರು ಒಂದು ಸಲವೂ ಕೇಳಿರಲಿಲ್ಲ. ಸಂಜೆಯೆಲ್ಲ ಅವರು ಯಾರಿಗಾದರೂ ಟ್ಯಾಂಕ್ ಬಂಡ್ ತೋರಿಸುತ್ತಿದ್ದರು.

"ಐತವಾರ ಐದೂವರಿಗ್ರಿ," ಎಂದಿದ್ದರು ವನಜಾ. "ಮುಂದಿನ ಸಾಲ್ಯಾಗ ಬಂದು ಕೂಡ್ರಿ. ನಿಮ್ಮ ಮಾರಿ ಕಂಡ್ರ ಮಾತು ಮರಿಯಂಗಿಲ್ಲ. ಮತ್ತೇನೂ ಬ್ಯಾಡ ನನಗ."

"ಇಷ್ಟ್ಯಾಕ ಹೇಳ್ತಿ, ಬಂದೇ ಬರ್ತೀನಿ," ಎಂದಿದ್ದರು ಶಿವಾನಂದರು.

ಶನಿವಾರ ಸೇಡಂನಿಂದ ಅವರ ಸೋದರಮಾವ ಸಿದ್ದರಾಮಪ್ಪನವರೂ ಅತ್ತೆ ಅಂಬವ್ವನೂ ಬಂದಿಳಿದರು. ಇಬ್ಬರಿಗೂ ಎಪ್ಪತ್ತು ದಾಟಿದೆ. ಮನೆಗೆ ಬಂದ ಹಿರಿಯರನ್ನು ಒಂದು ಇಡೀ ದಿನ ಸುಮ್ಮನೆ ಕೂಡಿಸಿದರೆ ಸೇಡಂನಲ್ಲಿ ಏನು ಮಾತು ಹುಟ್ಟೀತು ಎಂಬುದು ಶಿವಾನಂದರಿಗೆ ಗೊತ್ತಿತ್ತು.

"ನಾಳಿ ಒಂದಿಷ್ಟು ತಿರಗ್ಯಾಡಿ, ಹಂಗ ನಾಟಕಕ್ಕ ಹೋಗೋಣೇನ್ರಿ ಮಾವಾರ?"

"ನಿನ್ನ ಮನಸಿಗೆ ಬಂದಂಗ ಆಗ್ಲೆಪಾ," ಎಂದರು ಸಿದ್ದರಾಮಪ್ಪ. ಅಂಬವ್ವ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹಾಳೆ ಕೈಗೆ ಬಂತು.

ಹಾಳೆ ಅಚ್ಚುಕಟ್ಟಾಗಿತ್ತು. ಹನ್ನೊಂದೂವರೆಗೆ ಮ್ಯೂಸಿಯಂ, ಒಂದೂವರೆಗೆ ದಿಲ್‌ಸುಖ್‌ನಗರದಲ್ಲಿ ಊಟ, ಮೂರೂವರೆಗೆ ಉಪ್ಪಲ್‌ನಲ್ಲಿ ಕರಕುಶಲ ವಸ್ತುಗಳ ಅಂಗಡಿಸಾಲು, ಐದಕ್ಕೆ ತಾರ್ನಾಕ. ವನಜಾ ಬೆಳಿಗ್ಗೆಯೇ ತಾಲೀಮಿಗೆ ಹೋಗಿದ್ದರು.

ಊಟದವರೆಗೆ ಎಲ್ಲ ಹಾಳೆಯಂತೆಯೇ ನಡೆಯಿತು. ಗೊಂಬೆ ಗಂಟೆ ಹೊಡೆಯಿತು. ಸಿದ್ದರಾಮಪ್ಪ "ಭಾಳ ಚಲೋ ಐತಿ" ಎಂದರು. ದಿಲ್‌ಸುಖ್‌ನಗರದ ಊಟದ ಹೋಟೆಲಿನಲ್ಲಿ ಅವರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ಸಾಕೆಂದರು. ನಮ್ಮ ಕಡೆ ಸಾಕು ಎಂದರೆ ಇನ್ನೊಂದು ಬಡಿಸು ಎಂದೇ ಅರ್ಥವಾದ್ದರಿಂದ ಶಿವಾನಂದರು ಬಡಿಸುವವನಿಗೆ ಕಣ್ಣು ಮಾಡಿ ಮತ್ತೆರಡು ಪೂರಿ ಹಾಕಿಸಿದರು. ಮುದುಕರು ನಿಟ್ಟುಸಿರು ಬಿಟ್ಟು ತಿಂದರು. ಉಪ್ಪಲ್‌ನ ಅಂಗಡಿಸಾಲಿನಲ್ಲಿ ನಲವತ್ತೆರಡು ಡಿಗ್ರಿ ಬಿಸಿಲಿತ್ತು. ಅಂಬವ್ವ ಒಂದು ಮಣ್ಣಿನ ಕುದುರೆಯನ್ನು ನೋಡಿ, "ಚೆಂದೈತಿ," ಎಂದು ಅದರ ನೆರಳಲ್ಲೇ ನಿಂತುಬಿಟ್ಟರು.

ನಾಲ್ಕು ಹತ್ತಕ್ಕೆ ಕಾರು ರಸ್ತೆಗಿಳಿಯಿತು. ನಾಲ್ಕು ಇಪ್ಪತ್ತಕ್ಕೆ ನಿಂತಿತು.

ಎಲ್ಲವನ್ನೂ ಲೆಕ್ಕ ಹಾಕಿದ್ದ ಶಿವಾನಂದರು ಒಂದನ್ನು ಬಿಟ್ಟಿದ್ದರು. ಅಂದು ಸಂಜೆ ಉಪ್ಪಲ್ ಸ್ಟೇಡಿಯಂನಲ್ಲಿ ಮ್ಯಾಚಿತ್ತು. ಕ್ರಿಕೆಟ್ ಎಂದರೆ ಕೆಲಸವಿಲ್ಲದವರ ಕಾಲಹರಣ ಎಂದು ನಂಬಿದ್ದ ಅವರು ಪತ್ರಿಕೆಯ ಕೊನೆಯ ಪುಟವನ್ನು ತಿರುವಿ ನೋಡಿದವರೇ ಅಲ್ಲ. ಇಡೀ ಶಹರಕ್ಕೆ ಗೊತ್ತಿದ್ದ ಸುದ್ದಿ ಪ್ಲಾನಿಂಗ್ ಅಧಿಕಾರಿಗೆ ಮಾತ್ರ ಗೊತ್ತಿರಲಿಲ್ಲ. ಮುಂದೆ ಪೊಲೀಸರ ಬ್ಯಾರಿಕೇಡು, ಹಿಂದೆ ಬಸ್ಸು, ಎಡಕ್ಕೆ ಕಿತ್ತಳೆ ಅಂಗಿ ತೊಟ್ಟ ಹುಡುಗರಿಂದ ತುಂಬಿದ ಆಟೋಗಳು, ಬಲಕ್ಕೆ ಮೆಟ್ರೋ ಕಂಬ. ನಲವತ್ತು ನಿಮಿಷ ಅದೇ ಕಂಬ.

"ಬಿಡ್ತೈತ್ರಿ, ಈಗ ಬಿಡ್ತೈತಿ," ಎಂದರು ಶಿವಾನಂದರು, ನಾಲ್ಕನೇ ಸಲ.

ಅಂಬವ್ವ ಸೆರಗಿನಿಂದ ಮುಖ ಒರೆಸಿಕೊಂಡರು. "ಶಿವಾನಂದ, ಒಂದು ಮಾತು ಹೇಳ್ಲೇನು? ಸಿಟ್ಟಿಗೆ ಏಳಬ್ಯಾಡ."

"ಹೇಳ್ರಿ ಅತ್ತಿ."

"ನಾವು ಈ ಸಲ ಬಂದಿದ್ದೇ ವನಜಾನ ನಾಟಕ ನೋಡಾಕ. ಆಕೀನೇ ಫೋನ್ ಮಾಡಿ ಕರೆದಿದ್ಲು. ಮುಂಜಾನಿಂದ ನನ್ನ ಜೀವ ಅಲ್ಲೇ ಐತಿ."

ಶಿವಾನಂದರು ಪೂರ್ತಿ ಹಿಂದಕ್ಕೆ ತಿರುಗಿದರು. ಕಾರು ಹೇಗೂ ಚಲಿಸುತ್ತಿರಲಿಲ್ಲ. "ಮತ್ತ ನಿನ್ನೆನ ಹೇಳಬಾರದೇನ್ರಿ? ಮನ್ಯಾಗ ಆರಾಮ ಮಲಗಿ, ನಾಕಕ್ಕ ಎದ್ದು ಹೋಗಬಹುದಿತ್ತಲ್ಲ."

"ಹೆಂಗ ಹೇಳೋದಪಾ? ಬಂದು ಕುಂಡ್ರೂದ್ರಾಗ ಕಾಗದ ಕೈಗಿಟ್ಟಿ. ಅದೂ ಸಹಿ ಮಾಡಿದ್ದು. ಒಲ್ಲೆ ಅಂದ್ರ ನಿನಗ ಬ್ಯಾಸರ ಆಗಂಗಿಲ್ಲೇನು?"

"ಆ ಗಡಿಯಾರ ನಾ ನೋಡಿದ್ದು ಇದು ಐದನೇ ಸಲ," ಎಂದರು ಸಿದ್ದರಾಮಪ್ಪ, ಕಿಟಕಿಯ ಹೊರಗೆ ನೋಡುತ್ತಲೇ.

"ಪ್ರತಿ ಸಲ ಭಾಳ ಚಲೋ ಐತಿ ಅಂತೀರಲ್ರಿ ಮಾವಾರ?"

"ಮತ್ತೇನನ್ನಬೇಕಿತ್ತು? ಗೊಂಬಿ ಹೊರಗ ಬರೂತನ ನೀ ನನ್ನ ಮಾರಿ ನೋಡ್ಕೋತ ನಿಂತಿರ್ತಿ."

ಶಿವಾನಂದರು ಮುಂದಕ್ಕೆ ತಿರುಗಿ ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟರು. ಇಪ್ಪತ್ತೆರಡು ಬೇಸಿಗೆಯಲ್ಲಿ ಇನ್ನೆಷ್ಟು ಜನ ಬೇಡದ ಪೂರಿ ತಿಂದಿರಬಹುದು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟರು. "ನನಗೂ ಸಾಕಾಗೈತ್ರಿ," ಎಂದರು ಕೊನೆಗೆ. "ನೀವು ಬ್ಯಾಸರ ಮಾಡ್ಕೋಬಾರದು ಅಂತ ಕರಕೊಂಡು ಹೋಗ್ತೀನಿ."

"ಅಯ್ಯ ಶಿವನ, ಮೂರೂ ಮಂದಿ ಒಬ್ಬರಿಗೊಬ್ಬರು ಹೆದರಿಕೊಂಡು ಬಿಸಿಲಾಗ ತಿರಗ್ಯಾಡಿದಂಗಾತು," ಎಂದರು ಅಂಬವ್ವ.

ತಲೆಯ ಮೇಲೆ ಮೆಟ್ರೋ ರೈಲು ಗುಡುಗುತ್ತ ತಾರ್ನಾಕದ ಕಡೆ ಹೋಯಿತು. ನಾಲ್ಕು ಸ್ಟೇಷನ್, ಹತ್ತೇ ನಿಮಿಷ. ಶಿವಾನಂದರು ಗಡಿಯಾರ ನೋಡಿದರು, ಕಂಬ ನೋಡಿದರು, ಹಿಂದೆ ಕೂತ ಇಬ್ಬರು ಹಿರಿಯರನ್ನು ನೋಡಿದರು. ಮೂವರಲ್ಲಿ ಕಾರು ಓಡಿಸಲು ಬರುವುದು ಒಬ್ಬರಿಗೇ. ನಡುರಸ್ತೆಯಲ್ಲಿ ಕಾರು ಬಿಟ್ಟು ಇಳಿದು ಹೋಗುವಂತಿರಲಿಲ್ಲ.

"ನೀ ಹೋಗಪಾ, ಆಕಿ ನಿನ್ನ ದಾರಿ ನೋಡ್ತಿರ್ತಾಳ. ನಾವು ಗಾಡ್ಯಾಗ ಕುಂತಿರ್ತೀವಿ," ಎಂದರು ಸಿದ್ದರಾಮಪ್ಪ.

"ಜಾಮ್ ಬಿಟ್ಟ ಮ್ಯಾಲ ಗಾಡಿ ಯಾರು ಹೊಡೀತಾರ್ರಿ? ನೀವ ಮೆಟ್ರೋದಾಗ ಹೋಗ್ರಿ. ಮುಂದಿನ ಸಾಲ್ಯಾಗ ಕೂಡ್ರಿ. ಆಕಿಗೆ ನಮ್ಮವರು ಯಾರರ ಕಾಣಬೇಕು."

ಹೀಗೆ, ಜೀವನದಲ್ಲಿ ಮೊದಲ ಸಲ, ಶಿವಾನಂದರು ನೆಂಟರನ್ನು ತಾವಿಲ್ಲದೆ ಹೈದರಾಬಾದಿಗೆ ಒಪ್ಪಿಸಿದರು. ಬ್ಯಾರಿಕೇಡಿನ ಬಳಿ ನಿಂತಿದ್ದ ಮಹಿಳಾ ಪೇದೆಯೊಬ್ಬಳು, "ಪದಂಡಿ ಅಮ್ಮಾ, ಲಿಫ್ಟ್ ಇಟು," ಎಂದು ತೆಲುಗಿನಲ್ಲಿ ಹೇಳಿ ಅಂಬವ್ವನ ಕೈ ಹಿಡಿದು ಮೆಟ್ರೋ ಸ್ಟೇಷನ್ನಿನ ಲಿಫ್ಟಿನ ಕಡೆ ಕರೆದೊಯ್ದಳು. ಸಿದ್ದರಾಮಪ್ಪ ಧೋತರದ ತುದಿ ಎತ್ತಿ ಹಿಡಿದು ಹಿಂದೆ ನಡೆದರು. ಒಮ್ಮೆಯೂ ತಿರುಗಿ ನೋಡಲಿಲ್ಲ. ಬಿಡುಗಡೆಯಾದವರ ನಡಿಗೆ ಅದು ಎಂದು ಶಿವಾನಂದರಿಗೆ ಅನ್ನಿಸಿತು.

ಐದೂವರೆಯಾಯಿತು. ಬಳಗದ ಅಧ್ಯಕ್ಷರು ಮೈಕು ಹಿಡಿದರೆ ಅರ್ಧ ಗಂಟೆ ಬಿಡುವುದಿಲ್ಲ ಎಂಬುದನ್ನು ನೆನೆದು ಅವರು ಸಮಾಧಾನ ಮಾಡಿಕೊಂಡರು. ಪ್ರತಿ ವರ್ಷ ಶಪಿಸುತ್ತಿದ್ದ ಆ ಸ್ವಾಗತ ಭಾಷಣ ಈ ಸಲ ಇನ್ನಷ್ಟು ಉದ್ದವಾಗಲಿ ಎಂದು ಹಾರೈಸಿದರು. ಕಾರು ಎರಡು ಕಂಬ ಮುಂದೆ ಹೋಯಿತು. ಪಕ್ಕದ ಆಟೋದ ಹುಡುಗನೊಬ್ಬ ಕಿಟಕಿಯೊಳಗೆ ಪೀಪಿ ತೂರಿಸಿ ಊದಿ, "ಕ್ಯಾ ಅಂಕಲ್, ಮ್ಯಾಚ್ ಕೋ?" ಎಂದ. ಶಿವಾನಂದರು ಗಾಜು ಏರಿಸಿಕೊಂಡರು.

ಆರು ಗಂಟೆಗೆ ಫೋನು ಬಂತು. ಅಂಬವ್ವ ಪಿಸುಗುಟ್ಟುತ್ತಿದ್ದರು. "ಚಾಲೂ ಆತಪಾ. ಮುಂದಿನ ಸಾಲ್ಯಾಗ ಕುಂತೀವಿ. ವನಜಾ ಬಂದ್ಲು ನೋಡು, ಇಳಕಲ್ ಸೀರಿ ಉಟ್ಟಾಳ... ಇಡ್ತೀನಿ." ಫೋನು ಕಡಿಯುವ ಮೊದಲು ನೂರಾರು ಜನ ಒಟ್ಟಿಗೆ ನಕ್ಕ ಸದ್ದು ಕೇಳಿತು. ವನಜಾ ಏನು ಹೇಳಿದ್ದಕ್ಕೆ ನಕ್ಕರೋ ತಿಳಿಯಲಿಲ್ಲ. ಮೂರು ಕಿಲೋಮೀಟರ್ ಆಚೆ ತಮ್ಮ ಹೆಂಡತಿ ಊರನ್ನೇ ನಗಿಸುತ್ತಿದ್ದಳು. ಅವರ ಮುಂದೆ ಇದ್ದದ್ದು ಒಂದು ನೀರಿನ ಟ್ಯಾಂಕರಿನ ಬೆನ್ನು.

ಅವರು ಸಭಾಂಗಣ ಮುಟ್ಟಿದಾಗ ಏಳೂಕಾಲು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಬಣ್ಣ ತೊಳೆಯದ ಮುಖದಲ್ಲೇ ವನಜಾ ಅಂಬವ್ವನ ಪಕ್ಕ ನಿಂತು ಕಾಗದದ ತಟ್ಟೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದರು.

"ಮ್ಯಾಚಿತ್ತು," ಎಂದು ಶಿವಾನಂದರು ಶುರುಮಾಡಿದರು. "ಬ್ಯಾರಿಕೇಡ್ ಹಾಕಿದ್ರು, ನಾ..."

"ಅತ್ತಿ ಹೇಳಿದ್ರು," ಎಂದರು ವನಜಾ. "ಉಪ್ಪಿಟ್ಟು ತಿನ್ರಿ." ಅವರು ಬೈಯಲಿಲ್ಲ. ತಟ್ಟೆಯನ್ನು ಕೈಗೆ ಕೊಟ್ಟು ಮುಖ ಆಚೆ ತಿರುಗಿಸಿದರು. ಶಿವಾನಂದರು ನಿಂತಲ್ಲೇ ಪೂರ್ತಿ ತಿಂದರು.

ಮನೆಗೆ ಹೊರಟಾಗ ಸಿದ್ದರಾಮಪ್ಪ ಮುಂದೆ ಕೂತರು, ಹೆಂಗಸರು ಹಿಂದೆ. ಹಬ್ಸಿಗೂಡದ ಸಿಗ್ನಲ್ಲಿನಲ್ಲಿ ನಿಂತಾಗ ಅಂಬವ್ವನಿಗೆ ತಡೆಯಲಾಗಲಿಲ್ಲ. "ಏನಂದ್ಲು ಗೊತ್ತೈತೇನು ಶಿವಾನಂದ? ನಾಳಿಂದ ರೊಟ್ಟಿ ಇಲ್ಲ, ಎಲ್ಲಾರೂ ಮನಿಗೆ ನಡ್ರಿ ಅಂದ್ಲು."

"ಹಂಗಲ್ರಿ ಅತ್ತಿ," ಎಂದರು ವನಜಾ.

"ಮತ್ತ ಹೆಂಗ?" ಎಂದರು ಶಿವಾನಂದರು.

ಹಿಂದೆ ಬಳೆಗಳ ಸದ್ದಾಯಿತು. ವನಜಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. "ಉಣ್ರಿ, ಉಣ್ಕೋತ ಕೇಳ್ರಿ," ಎಂದು ಶುರುವಾಯಿತು. ಶಿವಾನಂದರಿಗೆ ಗುರುತೇ ಸಿಗದ ಗಟ್ಟಿ ದನಿ. "ಇಪ್ಪತ್ತು ವರ್ಷ ಆತು, ಈ ಒಲಿ ಮುಂದ ಕುಂತು. ನಿಮ್ಮ ಪೈಕಿ ಯಾರಿಗೆ ಖಾರ ಬೇಕು, ಯಾರಿಗೆ ಬ್ಯಾಡ, ಎಲ್ಲಾ ಗೊತ್ತೈತಿ ನನಗ. ನನಗೇನು ಬೇಕು ಅಂತ ನಿಮ್ಮಾಗ ಒಬ್ಬರಿಗರ ಗೊತ್ತೈತೇನು? ಕೈ ತೊಳಕೋಬ್ಯಾಡ್ರಿ, ಹೇಳಿ ಏಳ್ರಿ..."

ಶಿವಾನಂದರು ಕನ್ನಡಿಯಲ್ಲಿ ಬಣ್ಣ ಬಳಿದ ಆ ಮುಖವನ್ನೇ ನೋಡುತ್ತಿದ್ದರು. ಸಿಗ್ನಲ್ ಹಸಿರಾಯಿತು. ಹಿಂದಿನ ಆಟೋ ಹಾರನ್ ಹೊಡೆಯಿತು. ಅದರ ಹಿಂದೆ ಬಸ್ಸೂ ಹೊಡೆಯಿತು.

"ಕ್ಯಾ ಚಾಚಾ, ಸೋ ಗಯೇ ಕ್ಯಾ?" ಎಂದು ಯಾರೋ ಕೂಗಿದರು.

ಮಾತು ಇನ್ನೂ ಎರಡು ನಿಮಿಷವಿತ್ತು. ಶಿವಾನಂದರು ಗೇರಿನ ಮೇಲಿಂದ ಕೈ ತೆಗೆದರು.